ಕೆಂಪು ಸೇಬೆಲ್ಲ ಸವಿಯೇ?

ಮಾವಿನ ಹಣ್ಣನ್ನು ಕೊಳ್ಳುವಾಗ ನಾವು ಬರಿದೆ 'ಮಾವು ಕೊಡಿ' ಎನ್ನುವುದಿಲ್ಲ. ರಸಪುರಿಯೋ, ಬಾದಾಮಿಯೋ, ಮಲಗೋವೆಯೋ ಎಂದು ಹೆಸರು ಹಿಡಿದು ಕೇಳುತ್ತೇವೆ; ಅಂಗಡಿಯವನು ಒಂದರ ಬದಲು ಇನ್ನೊಂದನ್ನು ತೂಗಿದರೆ ಒಪ್ಪುವುದಿಲ್ಲ. ಸೇಬಿನ ವಿಷಯದಲ್ಲಿ ಮಾತ್ರ ನಮ್ಮ ಈ ವಿವೇಚನೆ ಮಾಯವಾಗುತ್ತದೆ. ಹಿಮಾಲಯದ ತಪ್ಪಲಿನಿಂದ ದೂರವಿರುವ ನಮಗೆ ಸೇಬೆಂದರೆ ಸೇಬು. ಕೆಂಪಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ರಾಶಿಯಲ್ಲಿ ಕೈಯಾಡಿಸಿ ಕಡುಗೆಂಪಿನದನ್ನೇ ಆರಿಸುತ್ತೇವೆ. ಮನೆಗೆ ತಂದು ಕಚ್ಚಿದಾಗ ಅದು ಹಿಟ್ಟಿನ ಉಂಡೆಯಂತಿದ್ದರೆ ಅಂಗಡಿಯವನನ್ನು ಬೈಯುತ್ತೇವೆಯೇ ಹೊರತು ನಮ್ಮ ನಂಬಿಕೆಯನ್ನು ಸಂಶಯಿಸುವುದಿಲ್ಲ. ಆ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸೇಬಿನ ರುಚಿಯೆಂದು ನಾವು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವವಾಗಿ ಹಲವು ಇಂದ್ರಿಯಗಳ ಕೂಡುಕೆಲಸ. ಸಿಹಿ ಹುಳಿಗಳನ್ನು ನಾಲಗೆ ಅರಿಯುತ್ತದೆ. ಕಂಪನ್ನು ಮೂಗು ಅರಿಯುತ್ತದೆ. ತಿರುಳಿನ ಬಿಗುವನ್ನು ಹಲ್ಲು ಅರಿಯುತ್ತದೆ. ಇವುಗಳಲ್ಲಿ ಯಾವುದೊಂದು ಮುನಿದರೂ ಹಣ್ಣು ಸವಿಯೆನಿಸುವುದಿಲ್ಲ.

ನಾಲಗೆಯ ಲೆಕ್ಕವನ್ನು ಮೊದಲು ನೋಡಬಹುದು. ಸೇಬಿನಲ್ಲಿ ನೂರಕ್ಕೆ ಸುಮಾರು 85 ಭಾಗ ನೀರು. 10ರಿಂದ 13 ಭಾಗದಷ್ಟು ಸಕ್ಕರೆ. ಈ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಫ್ರಕ್ಟೋಸ್. ಇದು ಕಬ್ಬಿನ ಸಕ್ಕರೆಗಿಂತಲೂ ಸಿಹಿ. ಹುಳಿಗೆ ಕಾರಣ ಮ್ಯಾಲಿಕ್ ಆಮ್ಲ. 1785ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಷೀಲೆ ಇದನ್ನು ಸೇಬಿನ ರಸದಿಂದಲೇ ಬೇರ್ಪಡಿಸಿದನು. ಲ್ಯಾಟಿನ್ ಭಾಷೆಯಲ್ಲಿ ಸೇಬಿಗೆ 'ಮಾಲಮ್' ಎಂದು ಹೆಸರಾದುದರಿಂದ ಆಮ್ಲಕ್ಕೂ ಅದೇ ಹೆಸರು ನಿಂತಿತು. ತಳಿಯಿಂದ ತಳಿಗೆ ಸಕ್ಕರೆಯ ಅಂಶ ನಾವೆಣಿಸುವಷ್ಟು ಬದಲಾಗುವುದಿಲ್ಲ, ಬದಲಾಗುವುದು ಆಮ್ಲ. ಆಸ್ಟ್ರೇಲಿಯದಲ್ಲಿ 1868ರ ಸುಮಾರಿಗೆ ಮರಿಯಾ ಆನ್ ಸ್ಮಿತ್ ಎಂಬ ವೃದ್ಧೆಯ ತೋಟದಲ್ಲಿ ಕಾಣಿಸಿಕೊಂಡ ಹಸಿರು ಸೇಬು 'ಗ್ರಾನಿ ಸ್ಮಿತ್'. ಜಪಾನಿನ 'ಫ್ಯೂಜಿ'ಯಲ್ಲಿರುವುದರ ಎರಡು ಮೂರು ಪಟ್ಟು ಆಮ್ಲ ಅದರಲ್ಲಿರುತ್ತದೆ. ಕಚ್ಚಿದೊಡನೆ ಕಣ್ಣು ಕಿರಿದಾಗುವುದು ಇದರಿಂದಲೇ. ಹುಳಿ ಇಳಿದಷ್ಟೂ ಸಿಹಿ ಎದ್ದು ತೋರುವುದು ನಿಜ. ಆದರೆ ತೀರ ಇಳಿದರೆ ಹಣ್ಣು ಸಪ್ಪೆಯಾಗುತ್ತದೆ. ನಿಂಬೆಯ ಹುಳಿಯಿಲ್ಲದ ಬೆಲ್ಲದ ಪಾನಕವನ್ನು ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಮೂಗು. ಕಣ್ಣನ್ನೂ ಮೂಗನ್ನೂ ಮುಚ್ಚಿಕೊಂಡು ಸೇಬಿನ ಒಂದು ಚೂರನ್ನೂ ಹಸಿಯ ಆಲೂಗಡ್ಡೆಯ ಒಂದು ಚೂರನ್ನೂ ಅಗಿದು ನೋಡಿ. ಯಾವುದು ಯಾವುದೆಂದು ಹೇಳುವುದು ನೀವೆಣಿಸಿದಷ್ಟು ಸುಲಭವಲ್ಲ. ಸೇಬನ್ನು ಸೇಬಾಗಿಸುವುದು ಅದರ ಕಂಪು. ಆಮ್ಲಗಳೂ ಮದ್ಯಸಾರಗಳೂ ಕೂಡಿ ಆಗುವ ಎಸ್ಟರುಗಳೆಂಬ ಆವಿಶೀಲ ವಸ್ತುಗಳೇ ಈ ಕಂಪಿಗೆ ಮುಖ್ಯ ಕಾರಣ. ಹಣ್ಣು ಮಾಗುವ ಕಾಲದಲ್ಲಿ ಇವು ಹೆಚ್ಚಾಗಿ ಹುಟ್ಟುವುದು ಸಿಪ್ಪೆಯಲ್ಲಿ ಮತ್ತು ಅದಕ್ಕೆ ಅಂಟಿದ ತಿರುಳಿನಲ್ಲಿ. ಸಿಪ್ಪೆಯನ್ನು ದಪ್ಪವಾಗಿ ಹೆರೆದು ತಿನ್ನುವವರು ಕಂಪಿನ ಬಹುಪಾಲನ್ನು ಕಸದ ಬುಟ್ಟಿಗೆ ಹಾಕುತ್ತಾರೆ.

ಆದರೆ ಸೇಬಿನ ಮಟ್ಟಿಗೆ ನಾಲಗೆ ಮೂಗುಗಳಿಗಿಂತ ಹಲ್ಲೇ ದೊಡ್ಡ ನ್ಯಾಯಾಧೀಶ ಎಂಬುದು ಈ ಲೇಖಕನ ಅಭಿಪ್ರಾಯ. ಹುಳಿಯ ಸೇಬನ್ನು ಇಷ್ಟಪಡುವವರಿದ್ದಾರೆ, ಸಿಹಿಯದನ್ನು ಇಷ್ಟಪಡುವವರಿದ್ದಾರೆ. ಹಿಟ್ಟುಹಿಟ್ಟಾದ ಸೇಬನ್ನು ಬಯಸುವವರು ಬಹಳ ಅಪರೂಪ. ಗರಿಗರಿಯಾದ ಸೇಬಿಗೂ ಹಿಟ್ಟಾದ ಸೇಬಿಗೂ ಇರುವ ವ್ಯತ್ಯಾಸವೇನು?

ಸೇಬಿನ ತಿರುಳು ಲಕ್ಷಾಂತರ ಜೀವಕೋಶಗಳಿಂದ ಕಟ್ಟಿದ ಗೋಡೆಯಂತಿದೆ. ಪ್ರತಿಯೊಂದು ಕೋಶವೂ ರಸ ತುಂಬಿದ ಒಂದು ಚೀಲ. ಒಳಗಿನ ರಸ ಕೋಶಭಿತ್ತಿಯನ್ನು ಹೊರಕ್ಕೆ ಒತ್ತುತ್ತ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಕೋಶ ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟಿನ ಗಾರೆ. ಅಲ್ಲಲ್ಲಿ ಗಾಳಿಯ ಸಂದುಗಳೂ ಉಂಟು. ಹಣ್ಣಿನ ಗಾತ್ರದಲ್ಲಿ ಐದನೆಯ ಒಂದು ಪಾಲಿನಿಂದ ಕಾಲು ಪಾಲಿನವರೆಗೆ ಬರಿಯ ಗಾಳಿಯೇ. ಸೇಬು ನೀರಿನಲ್ಲಿ ತೇಲುವುದು ಇದರಿಂದ. ಗಾರೆ ಗಟ್ಟಿಯಾಗಿರುವ ಹಣ್ಣನ್ನು ಕಚ್ಚಿದರೆ ಒಡೆಯುವುದು ಗಾರೆಯಲ್ಲ, ಕೋಶಗಳೇ. ಚೀಲಗಳು ಪಟಪಟನೆ ಬಿರಿದು ರಸ ಬಾಯಿಗೆ ಚಿಮ್ಮುತ್ತದೆ. 'ಕಟುಂ' ಎಂಬ ಸದ್ದು ಕಿವಿಗೂ ಕೇಳುತ್ತದೆ. ಗಾರೆ ಸಡಿಲವಾದ ಹಣ್ಣಿನಲ್ಲಿ ಹಾಗಲ್ಲ: ಹಲ್ಲು ತಾಗಿದಾಗ ಕೋಶಗಳು ಒಡೆಯದೆ ಒಂದರಿಂದೊಂದು ಕಳಚಿಕೊಂಡು ಉದುರುತ್ತವೆ. ರಸವೆಲ್ಲ ಚೀಲದೊಳಗೇ ಉಳಿಯುತ್ತದೆ. ಹಿಟ್ಟಾದ ಸೇಬು ಒಣಗಿದ ಸೇಬೆಂದು ನಾವು ತಿಳಿಯುತ್ತೇವೆ. ಹಲವು ಸಲ ಅದರಲ್ಲಿ ನೀರು ಧಾರಾಳವಾಗಿಯೇ ಇರುತ್ತದೆ, ನಾಲಗೆಗೆ ಮಾತ್ರ ಮುಟ್ಟುವುದಿಲ್ಲ. ನೀರಿನೊಂದಿಗೆ ಸಕ್ಕರೆಯೂ ಆಮ್ಲವೂ ಒಳಗೇ ಸೆರೆಯಾಗುವುದರಿಂದ ರುಚಿಯೂ ಕುಂದುತ್ತದೆ.

ತಳಿಗಳ ಭೇದ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗ್ರಾನಿ ಸ್ಮಿತ್ ಗಟ್ಟಿ. ಫ್ಯೂಜಿ ಒತ್ತಾದ, ರಸಭರಿತವಾದ ತಿರುಳುಳ್ಳದ್ದು, ಬಹುಕಾಲ ಕೆಡದು. ಗೋಲ್ಡನ್ ಡಿಲಿಷಸ್ ಎಂಬ ಹಳದಿ ಸೇಬಿನ ತಿರುಳು ನಯವಾದುದು, ಕಂಪೂ ಜೇನಿನಂತಹುದು. ಆದರೆ ಸಿಪ್ಪೆ ತೆಳುವಾದುದರಿಂದ ಬೇಗ ಸುಕ್ಕುಗಟ್ಟುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ 'ಹನಿಕ್ರಿಸ್ಪ್' ತಳಿಯಲ್ಲಿ ಜೀವಕೋಶಗಳು ಇತರ ಸೇಬುಗಳವುಗಳಿಗಿಂತ ದೊಡ್ಡವು. ಅದನ್ನು ಕಚ್ಚಿದರೆ ತಿರುಳು ಹಲ್ಲೆಹಲ್ಲೆಯಾಗಿ ಸಿಡಿಯುತ್ತದೆ.

ತಳಿ ಎಂತಹುದೇ ಇರಲಿ, ಕಾಲವೂ ತನ್ನ ಕೆಲಸ ಮಾಡುತ್ತದೆ. ಎಳೆಯ ಸೇಬು ತನ್ನ ಆಹಾರವನ್ನು ಪಿಷ್ಟದ ರೂಪದಲ್ಲಿ ಕೂಡಿಟ್ಟಿರುತ್ತದೆ. ಮಾಗುವಾಗ ಹಣ್ಣಿನಲ್ಲೇ ಹುಟ್ಟುವ ಎಥಿಲೀನ್ ಅನಿಲದ ಪ್ರೇರಣೆಯಿಂದ ಪಿಷ್ಟ ಸಕ್ಕರೆಯಾಗುತ್ತದೆ, ಕಂಪು ಹುಟ್ಟುತ್ತದೆ, ಆಮ್ಲ ಇಳಿಯುತ್ತದೆ. ಅದರೊಂದಿಗೇ ಪೆಕ್ಟಿನ್ನಿನ ಗಾರೆಯೂ ಕರಗತೊಡಗುತ್ತದೆ. ಈ ಓಟವನ್ನು ತಡೆಯುವ ಉಪಾಯವನ್ನು 1920ರ ದಶಕದಲ್ಲಿ ಕೇಂಬ್ರಿಜ್ಜಿನ ಕಿಡ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ತೋರಿಸಿದರು: ತಣ್ಣನೆಯ ಉಗ್ರಾಣದಲ್ಲಿ ಆಮ್ಲಜನಕವನ್ನು ತಗ್ಗಿಸಿದರೆ ಹಣ್ಣಿನ ಉಸಿರಾಟವೇ ನಿಧಾನವಾಗುತ್ತದೆ. ಇಂದು ಇಂತಹ ಉಗ್ರಾಣಗಳಲ್ಲಿ ಸೇಬನ್ನು ತಿಂಗಳುಗಟ್ಟಲೆ ಇಡುತ್ತಾರೆ. ಬಿಗುವು ಬಹುಮಟ್ಟಿಗೆ ಉಳಿಯುತ್ತದೆ. ಆದರೆ ದೀರ್ಘಕಾಲ ಅಲ್ಲಿದ್ದ ಹಣ್ಣು ಕಂಪನ್ನು ಹುಟ್ಟಿಸುವ ಶಕ್ತಿಯನ್ನು ಬಹಳಷ್ಟು ಕಳೆದುಕೊಂಡಿರುತ್ತದೆ.

ಈಗ ಬಣ್ಣದ ಪ್ರಶ್ನೆಗೆ ಬರೋಣ. 1870ರ ದಶಕದಲ್ಲಿ ಅಮೆರಿಕದ ಅಯೋವಾ ಸಂಸ್ಥಾನದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ಸೇಬಿನ ಗಿಡವೊಂದು ತಾನಾಗಿ ಹುಟ್ಟಿತು. ಸಾಲು ತಪ್ಪಿ ಬೆಳೆದ ಅದನ್ನು ಎರಡು ಸಲ ಕಡಿದರೂ ಮತ್ತೆ ಚಿಗುರಿತೆಂದು ಕಥೆ. ಅದರ ಹಣ್ಣು ಹಳದಿಯ ಮೇಲೆ ಕೆಂಪು ಗೀರುಗಳುಳ್ಳದ್ದು. 1890ರ ದಶಕದಲ್ಲಿ ಮಿಸೌರಿಯ ಸ್ಟಾರ್ಕ್ ಸೋದರರ ಸಸ್ಯೋದ್ಯಮ ಅದರ ಹಕ್ಕನ್ನು ಕೊಂಡು 'ಡಿಲಿಷಸ್', ಎಂದರೆ 'ಸವಿಯಾದುದು' ಎಂದು ಹೆಸರಿಟ್ಟಿತು. (ಅದೇ ಸಂಸ್ಥೆ ಮುಂದೆ ಹೆಸರಿಟ್ಟ ಗೋಲ್ಡನ್ ಡಿಲಿಷಸ್‌ಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ.)

ಸೇಬಿನ ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನು ಹೋಲುವುದಿಲ್ಲ. ಆದುದರಿಂದ ತಳಿಯನ್ನು ಕಸಿಯಿಂದಲೇ ಬೆಳೆಸಬೇಕು. ಆದರೂ ಒಮ್ಮೊಮ್ಮೆ ಮರದ ಒಂದು ರೆಂಬೆ ಅಕಸ್ಮಾತ್ತಾಗಿ ಮಾರ್ಪಟ್ಟು ಬೇರೆ ಬಣ್ಣದ ಹಣ್ಣನ್ನು ಬಿಡುವುದುಂಟು. ಡಿಲಿಷಸ್ ಮರಗಳಲ್ಲಿ ಹೀಗೆ ಮೈಯೆಲ್ಲ ಕೆಂಪಾದ, ಬೇಗ ಕೆಂಪೇರುವ ಹಣ್ಣಿನ ರೆಂಬೆಗಳು ಕಂಡವು. 1920ರ ದಶಕದಿಂದ ಬೆಳೆಗಾರರು ಅಂತಹ ರೆಂಬೆಗಳನ್ನೇ ಆರಿಸಿ ಕಸಿಮಾಡುತ್ತ ಬಂದರು. ಕೊಳ್ಳುವವರು ಕೆಂಪನ್ನು ಕೇಳಿದರು. ತೋಟದವರು ಕೆಂಪನ್ನು ಕೊಟ್ಟರು. ಆದರೆ ಹಣ್ಣು ಮಾಗುವ ಮೊದಲೇ ಸಿಪ್ಪೆ ಕೆಂಪೇರಿದರೆ, ಕೊಯ್ಯುವವನಿಗೆ ಬಣ್ಣ ಸುಳ್ಳುಸಾಕ್ಷಿ ಹೇಳುತ್ತದೆ. ಪಿಷ್ಟ ಸಕ್ಕರೆಯಾಗುವ ಮೊದಲೇ ಹಣ್ಣು ಪೆಟ್ಟಿಗೆ ಸೇರುತ್ತದೆ. ದಪ್ಪ ಸಿಪ್ಪೆ, ಸಪ್ಪೆ ತಿರುಳು ಎಂಬ ಅಪಕೀರ್ತಿ ಕ್ರಮೇಣ ಈ ಸೇಬಿಗೆ ಬಂದಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಅಗ್ರಸ್ಥಾನದಲ್ಲಿದ್ದ ಅದನ್ನು 2018ರಲ್ಲಿ 'ಗಾಲ' ಎಂಬ ನ್ಯೂಜಿಲೆಂಡಿನ ತಳಿ ಹಿಂದಿಕ್ಕಿತು. ಸ್ವಾರಸ್ಯವೆಂದರೆ ಜಪಾನಿನವರು ಇದೇ ಡಿಲಿಷಸ್ ಅನ್ನು ರಾಲ್ಸ್ ಜೆನೆಟ್ ಎಂಬ ಹಳೆಯ ತಳಿಯೊಡನೆ ಕೂಡಿಸಿ ಪಡೆದ ಸಂತಾನವೇ 1962ರಲ್ಲಿ ಹೆಸರು ಪಡೆದ ಫ್ಯೂಜಿ. ಮಗುವಿಗೆ ತಾಯಿಯ ದೋಷ ಬರಲಿಲ್ಲ.

ನಮ್ಮ ದೇಶಕ್ಕೂ ಈ ಕಥೆಗೂ ಹತ್ತಿರದ ಸಂಬಂಧವಿದೆ. ಆಂಗ್ಲರು ಬೆಟ್ಟಗಳಲ್ಲಿ ನೆಟ್ಟಿದ್ದ ಸೇಬುಗಳು ಹೆಚ್ಚಾಗಿ ಹುಳಿಯವು. 1904ರಲ್ಲಿ ಅಮೆರಿಕದಿಂದ ಬಂದು ಇಲ್ಲಿಯೇ ನೆಲಸಿದ, ಮುಂದೆ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಸಿಮ್ಲಾ ಬೆಟ್ಟಗಳ ಕೋಟಗಢದಲ್ಲಿ ರೆಡ್ ಡಿಲಿಷಸ್ ಸಸಿಗಳನ್ನು ನೆಟ್ಟರು. ಸಿಹಿಯನ್ನು ಮೆಚ್ಚುವ ನಮ್ಮ ಜನಕ್ಕೆ ಅದು ಹಿಡಿಸಿತು. ಬೆಟ್ಟದ ರೈತರ ಬಡತನ ನೀಗಿತು. ಈ ಉಪಕಾರವನ್ನು ಮರೆಯುವಂತಿಲ್ಲ. ಇಂದಿಗೂ ಹಿಮಾಚಲ ಕಾಶ್ಮೀರಗಳಲ್ಲಿ ಡಿಲಿಷಸ್ ವರ್ಗದ್ದೇ ಮೇಲುಗೈ; ಮರದಲ್ಲೇ ಮಾಗಿದ ಅಲ್ಲಿನ ಹಣ್ಣನ್ನು ಸಪ್ಪೆಯೆನ್ನುವುದು ಅನ್ಯಾಯ.

ಆದರೆ ಅದರ ಪ್ರವಾಹದಲ್ಲಿ ಕಾಶ್ಮೀರದ ಸ್ವಂತ ಸೇಬಾದ 'ಅಂಬ್ರಿ' ಮೂಲೆಗೆ ಸರಿಯಿತು. ಅಂಬ್ರಿ ಗರಿಗರಿಯಾದುದು, ಸಿಹಿಯಾದುದು, ಕಂಪಿಗೆ ಹೆಸರಾದುದು. ಬಹುಕಾಲ ಕೆಡದೆ ಇರುವಂತಹುದು. ಈ ಲೇಖನದಲ್ಲಿ ಹೊಗಳಿದ ಗುಣಗಳೆಲ್ಲ ಅದರಲ್ಲಿವೆ. ಆದರೆ ಅದರ ಬಣ್ಣ ಡಿಲಿಷಸ್‌ನಷ್ಟು ಕಣ್ಣು ಸೆಳೆಯದು; ಮರ ಫಲಕ್ಕೆ ಬರುವುದೂ ತಡ. ಅಂಬ್ರಿಯನ್ನು ರೆಡ್ ಡಿಲಿಷಸ್ ಜೊತೆ ಸಂಕರಗೊಳಿಸಿ ಕಾಶ್ಮೀರದ ತಳಿವಿಜ್ಞಾನಿಗಳು 'ಲಾಲ್ ಅಂಬ್ರಿ'ಯನ್ನು ಪಡೆದಿದ್ದಾರೆ. ಹೊಸ ಹಣ್ಣಿಗೆ ಕೆಂಪು ಬೇಕಾಯಿತೆಂಬುದನ್ನು ಗಮನಿಸಬೇಕು.

ಮಾಗುವಿಕೆಯನ್ನು ಕಣ್ಣಾರೆ ಕಾಣಲು ವಿದ್ಯಾರ್ಥಿಗಳು ಒಂದು ಸುಲಭ ಪ್ರಯೋಗ ಮಾಡಬಹುದು. ಸೇಬನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ತಿರುಳಿನ ಮೇಲೆ ನೀರು ಬೆರಸಿದ ಟಿಂಕ್ಚರ್ ಅಯೋಡಿನ್ ಸವರಿ. ಪಿಷ್ಟವಿರುವೆಡೆ ಕಡುನೀಲಿಯಾಗುತ್ತದೆ, ಸಕ್ಕರೆಯಾದೆಡೆ ಬಣ್ಣ ತಿರುಗುವುದಿಲ್ಲ. ಸೇಬು ಒಳಗಿನಿಂದ ಹೊರಕ್ಕೆ ಮಾಗುವುದರಿಂದ ಬೀಜದ ಸುತ್ತ ಮೊದಲು ಬಿಳುಪು ಕಾಣುವುದು. ಆ ಹೋಳನ್ನು ತಿನ್ನಬಾರದು. ಅಂಗಡಿಯಲ್ಲಿ ಅಯೋಡಿನ್ ಸವರಲಾಗದು. ಅಲ್ಲಿ ಹಣ್ಣನ್ನು ತಿರುಗಿಸಿ ತೊಟ್ಟಿನ ಕುಳಿಯ ಸುತ್ತ, ಕೆಂಪು ಹರಡದ ಕಡೆ ನೋಡಿ. ಅಲ್ಲಿ ಎಲೆಹಸಿರಿದ್ದರೆ ಹಣ್ಣು ಬೇಗ ಕೊಯ್ದದ್ದು, ತಿಳಿಹಳದಿಗೆ ತಿರುಗಿದ್ದರೆ ಮಾಗಿದ್ದು. ಮಾಗಿದವುಗಳಲ್ಲಿ ಗಾತ್ರಕ್ಕೆ ತೂಕವಾಗಿರುವ, ಒತ್ತಿದರೆ ಬಿಗಿಯಾಗಿರುವ ಹಣ್ಣನ್ನು ಆರಿಸಿ, ಅದರ ತಳಿಯ ಹೆಸರನ್ನೂ ಅಂಗಡಿಯವನಿಂದ ಕೇಳಿ ಬರೆದಿಟ್ಟುಕೊಳ್ಳಿ.