ಹಳೆಯ ಗಿಟಾರಿಗೆ ಹೊಸ ಜನ್ಮ

ಸಭೆ ಸಮಾರಂಭಗಳಲ್ಲಿ ಭಾಷಣ ಇನ್ನೇನು ಶುರುವಾಗಬೇಕು ಎನ್ನುವಾಗ ಮೈಕು ‘ಕುಂಯ್’ ಎಂದು ಕಿರುಚಿ, ಎಲ್ಲರೂ ಕಿವಿ ಮುಚ್ಚಿಕೊಳ್ಳುವುದುಂಟು. ಧ್ವನಿವರ್ಧಕದಿಂದ ಹೊರಟ ಶಬ್ದ ಮತ್ತೆ ಮೈಕನ್ನು ಹೊಕ್ಕು, ಇನ್ನಷ್ಟು ದೊಡ್ಡದಾಗಿ ಹೊರಬರುವ ಈ ವಿಷಚಕ್ರಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಗಿಟಾರ್ ವಾದಕರನ್ನು ಕಾಡಿದ್ದೂ ಇದೇ ಪೀಡೆ.

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಆಯಸ್ಕಾಂತವೂ ತಾಮ್ರದ ಸುರುಳಿಯೂ ಇರುತ್ತವೆ. ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಗಿಟಾರಿನ ಒಡಲು ಟೊಳ್ಳಾಗಿದ್ದರೆ ನಾದ ತುಂಬಿ ಬರುತ್ತದೆ. ಆದರೆ ಧ್ವನಿವರ್ಧಕದ ಅಬ್ಬರಕ್ಕೆ ಆ ಒಡಲೇ ನಡುಗಿ ಫೀಡ್‌ಬ್ಯಾಕ್ ಏಳುತ್ತದೆ. ಒಡಲು ಗಟ್ಟಿಮರವಾದರೆ ಕಿರುಚಾಟ ತಗ್ಗುತ್ತದೆ, ನಾದದ ಮಾರ್ದವವೂ ತಗ್ಗುತ್ತದೆ.

1958ರಲ್ಲಿ ಮಿಶಿಗನ್ ರಾಜ್ಯದ ಕಲಮಜೂ ನಗರದಲ್ಲಿದ್ದ ಗಿಬ್ಸನ್ ಕಂಪನಿ, ಟೆಡ್ ಮೆಕಾರ್ಟಿ ಅವರ ನೇತೃತ್ವದಲ್ಲಿ ನಡುವಣ ದಾರಿಯೊಂದನ್ನು ಹುಡುಕಿತು. ಎರಡೂ ಪಕ್ಕೆಗಳು ಟೊಳ್ಳು. ನಡುವೆ ಉದ್ದಕ್ಕೂ ಮೇಪಲ್ ಮರದ ದಿಮ್ಮಿ. ಅದೇ ಇಎಸ್-335. ಸೇತ್ ಲವರ್ ರೂಪಿಸಿದ್ದ ‘ಹಮ್‌ಬಕರ್’ ಎಂಬ ಜೋಡಿ ಸುರುಳಿಯೂ ಇದರಲ್ಲಿತ್ತು. ಹೊರಗಿನ ವಿದ್ಯುತ್ ಉಪಕರಣಗಳಿಂದ ನುಸುಳುವ ಗುಂಯ್‌ಗುಡುವ ಸದ್ದು ಎರಡು ಸುರುಳಿಗಳಲ್ಲಿ ಪರಸ್ಪರ ವಿರುದ್ಧವಾಗಿ ಹುಟ್ಟಿ ರದ್ದಾಗುತ್ತದೆ. ತಂತಿಯ ನಾದ ಮಾತ್ರ ಉಳಿಯುತ್ತದೆ.

ಆ ಕಾಲದ ಗಿಟಾರುಗಳು ಇಂದು ದುಬಾರಿ. ಎರಿಕ್ ಕ್ಲಾಪ್ಟನ್ ನುಡಿಸಿದ್ದ 1964ರ ಇಎಸ್-335 ಒಂದು 2004ರ ಹರಾಜಿನಲ್ಲಿ 8,47,500 ಡಾಲರಿಗೆ ಮಾರಾಟವಾಯಿತು. ಹಳೆಯ ಪುಸ್ತಕಗಳು ಮರುಮುದ್ರಣವಾಗುವಂತೆ, ಗಿಬ್ಸನ್ ತನ್ನ ಹಳೆಯ ಮಾದರಿಗಳನ್ನೂ ಮತ್ತೆ ತಯಾರಿಸುತ್ತದೆ. ನ್ಯಾಶ್‌ವಿಲ್‌ನಲ್ಲಿ ಸಿದ್ಧವಾಗುವ 1959ರ ಮಾದರಿಯಲ್ಲಿ ಮೇಪಲ್, ಪಾಪ್ಲರ್, ಮೇಪಲ್ ಎಂಬ ಮೂರು ಪದರಗಳ ಒಡಲು, ಪ್ರಾಣಿಗಳ ಚರ್ಮದಿಂದ ತೆಗೆದ ಅಂಟು, ಬೆರಳುಪಟ್ಟಿಯ ಚುಕ್ಕೆಗಳು ಅಂದಿನ ರೀತಿಯವೇ.

ಬೆರಳುಪಟ್ಟಿಯ ಮರ ಮಾತ್ರ ಬೇರೆ. ಅಂದು ಬಳಸಿದ್ದು ಬ್ರೆಜಿಲ್‌ನ ರೋಸ್‌ವುಡ್. ಆ ಮರ ಕಾಡಿನಲ್ಲಿ ಅಳಿಯತೊಡಗಿದ್ದರಿಂದ 1992ರಲ್ಲಿ ‘ಸೈಟಿಸ್’ ಅಂತಾರಾಷ್ಟ್ರೀಯ ಒಪ್ಪಂದ ಅದರ ವ್ಯಾಪಾರಕ್ಕೆ ತಡೆಯೊಡ್ಡಿತು. ಆ ಜಾಗದಲ್ಲಿ ಈಗ ಭಾರತೀಯ ರೋಸ್‌ವುಡ್ ಇದೆ. ನಮ್ಮ ಮಲೆನಾಡಿನವರು ಬೀಟೆ ಎನ್ನುವ ಮರವದು. 2017ರಲ್ಲಿ ಅದರ ವ್ಯಾಪಾರವೂ ಇದೇ ಒಪ್ಪಂದದ ನಿಯಂತ್ರಣಕ್ಕೆ ಬಂತು.

ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಜಾಣ್ಮೆಯನ್ನು ಮನುಷ್ಯ ಮರಳಿ ತಯಾರಿಸಬಲ್ಲ. ನೂರಾರು ವರ್ಷ ನಿಂತು ಬೆಳೆದ ಮರವನ್ನು ಯಾವ ಕಾರ್ಖಾನೆ ತಾನೇ ಮರಳಿ ತಯಾರಿಸೀತು?