ಕನೆಹಲಗೆ: ನೀರನ್ನು ಮುಗಿಲಿಗೆ ಚಿಮ್ಮಿಸುವ ಜಾರುಬಂಡಿ

ಬಾಗಳಿ, ಹರಪನಹಳ್ಳಿ ಕಡೆಯ ರೈತರಿಗೆ ಹಲಗೆ ಹೊಸದಲ್ಲ. ನಾಟಿಗೆ ಮುನ್ನ ಗದ್ದೆಯ ಕೆಸರು ಸಮ ಮಾಡಲು ಎತ್ತಿನ ಹಿಂದೆ ಹಲಗೆ ಕಟ್ಟುತ್ತಾರೆ. ಭಾರ ಸಾಲದಿದ್ದರೆ ಹೊಡೆಯುವವರೇ ಅದರ ಮೇಲೆ ನಿಲ್ಲುತ್ತಾರೆ. ಕರಾವಳಿಯ ಕಂಬಳದಲ್ಲಿ, ಎಂದರೆ ಕೆಸರುಗದ್ದೆಯ ಕೋಣಗಳ ಓಟದಲ್ಲಿ, ಇದೇ ಹಲಗೆ ಪಂದ್ಯದ ವಾಹನ. ಅದಕ್ಕೆ ಚಕ್ರವಿಲ್ಲ, ಎಂಜಿನ್ ಇಲ್ಲ, ಬ್ರೇಕೂ ಇಲ್ಲ. ಚಳಿಗಾಲದ ಒಲಿಂಪಿಕ್ಸಿನ ಬಾಬ್‌ಸ್ಲೆಡ್ ಬಂಡಿಗೆ ನಮ್ಮ ನಾಡಿನಲ್ಲಿ ತೀರ ಹತ್ತಿರದ ಬಂಧು ಇದೇ. ಆದರೆ ಎರಡರ ಗುರಿ ತದ್ವಿರುದ್ಧ.

ಬಾಬ್‌ಸ್ಲೆಡ್ ಓಡುವುದು ಮಂಜುಗಡ್ಡೆಯ ಇಳಿಜಾರಿನಲ್ಲಿ. ಮೊದಲ 50 ಮೀಟರಿನಷ್ಟು ದೂರ ತಂಡದವರು ಬಂಡಿ ತಳ್ಳುತ್ತಾ ಓಡಿ, ಒಬ್ಬರ ಹಿಂದೊಬ್ಬರು ಒಳಗೆ ಹಾರಿ ಕೂರುತ್ತಾರೆ. ಮುಂದಿನದೆಲ್ಲ ಗುರುತ್ವದ ಕೆಲಸ. ಬಂಡಿ ಗಂಟೆಗೆ 130 ಕಿ.ಮೀ. ದಾಟುತ್ತದೆ. ಉಕ್ಕಿನ ಪಟ್ಟಿಗಳ ಘರ್ಷಣೆ ತಗ್ಗಿಸುವುದು, ಗಾಳಿಗೆ ಅಡ್ಡ ಬಾರದಂತೆ ಮೈ ಮುದುರಿ ಕೂರುವುದು, ತಿರುವಿನಲ್ಲಿ ವೇಗ ಸೋರದಂತೆ ನೋಡಿಕೊಳ್ಳುವುದು, ಇಷ್ಟೇ ಅಲ್ಲಿನ ವಿದ್ಯೆ. ಸೆಕೆಂಡಿನ ನೂರನೇ ಒಂದು ಪಾಲೂ ಪದಕ ತಪ್ಪಿಸಬಲ್ಲದು.

ಕಂಬಳದ ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲೂ ವೇಗವೇ ಮುಖ್ಯ. ಅಡ್ಡಹಲಗೆಯಲ್ಲಿ ಓಟಗಾರ ಅಡ್ಡವಾಗಿ ಕಟ್ಟಿದ ಹಲಗೆಯ ಮೇಲೆ ನಿಂತು ಜಾರುತ್ತಾನೆ. ಕನೆಹಲಗೆಯ ದಾರಿಯೇ ಬೇರೆ. ಇಲ್ಲಿ ಮರದ ದುಂಡನೆಯ ತುಂಡಿನಲ್ಲಿ ಎರಡು ತೂತುಗಳಿರುತ್ತವೆ. ಅದರ ಮೇಲೆ ಒಂದು ಕಾಲೂರಿ ಕೋಣಗಳನ್ನು ಓಡಿಸಿದಾಗ ತೂತುಗಳಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಕರೆಯ (ಓಟದ ಗದ್ದೆಯ) ಮೇಲೆ ಆರೂವರೆ, ಏಳೂವರೆ ಕೋಲು (ಕಂಬಳದ ಅಳತೆ) ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಆ ನೀರು ಮುಟ್ಟಬೇಕು. ಬಾಬ್‌ಸ್ಲೆಡ್‌ನಲ್ಲಿ ಯಾವುದು ನಷ್ಟವೋ ಕನೆಹಲಗೆಯಲ್ಲಿ ಅದೇ ಗೆಲುವು: ಮುಂದಕ್ಕೆ ಓಡುವ ಶಕ್ತಿಯನ್ನು ಮೇಲಕ್ಕೆ ತಿರುಗಿಸಬೇಕು.

ಇದರ ಭೌತವಿಜ್ಞಾನ ಸರಳ. ನಿಂತ ಹಲಗೆ ಕೆಸರಿನಲ್ಲಿ ಹೂತಿರುತ್ತದೆ. ವೇಗ ಏರಿದಂತೆ ಅಡಿಗೆ ಸಿಕ್ಕಿದ ನೀರು ಅದನ್ನು ಮೇಲಕ್ಕೆತ್ತುತ್ತದೆ. ಓಟಗಾರನ ಭಾರ ಕೆಳಕ್ಕೆ ಒತ್ತುತ್ತದೆ. ನಡುವೆ ಇಕ್ಕಟ್ಟಿಗೆ ಸಿಕ್ಕ ನೀರಿಗೆ ತೂತೇ ದಾರಿ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಹೊರಟ ನೀರು, ಗಾಳಿಯ ತಡೆ ಬಿಟ್ಟರೆ, ಸುಮಾರು 5 ಮೀಟರ್ ಏರುತ್ತದೆ. ವೇಗ ಅರ್ಧವಾದರೆ ಎತ್ತರ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ, ಒಂದೂಕಾಲು ಮೀಟರಿಗೆ ಇಳಿಯುತ್ತದೆ. ಕೋಣಗಳ ಓಟ ಚೂರು ಸಡಿಲವಾದರೂ ನಿಶಾನೆ ತಪ್ಪುವುದು ಇದರಿಂದಲೇ.

ಇನ್ನು ಪಾದದ ಕೆಲಸ. ಭಾರ ಹಿಂದಾದರೆ ಹಲಗೆಯ ಮೂತಿ ಎದ್ದು ನೀರು ಪಕ್ಕಕ್ಕೆ ಜಾರಿಹೋಗುತ್ತದೆ. ಮುಂದಾದರೆ ಮೂತಿ ಕೆಸರಿಗೆ ಚುಚ್ಚಿಕೊಂಡು ಓಟಗಾರ ಮುಗ್ಗರಿಸಬಹುದು. ಒಂದೇ ಕಾಲಿನಲ್ಲಿ ಈ ಹದ ಹಿಡಿಯುವವರನ್ನು ಕಂಬಳದ ಭಾಷೆಯಲ್ಲಿ ‘ಹಲಗೆ ಮುಟ್ಟುವವರು’ ಎನ್ನುತ್ತಾರೆ.

ಈ ಬಂಡಿಯ ಎಂಜಿನ್ ಕೋಣ. ಅಗಲವಾಗಿ ಕವಲೊಡೆದ ಗೊರಸು ಮತ್ತು ಸಲೀಸಾಗಿ ಬಾಗುವ ಪಾದದ ಕೀಲುಗಳಿಂದ ಅದು ಕೆಸರಿನಲ್ಲಿ ಹೂಳದೆ ಓಡುತ್ತದೆ. ಆದರೆ ದನಗಳಿಗಿಂತ ಕೋಣಕ್ಕೆ ಬೆವರಿನ ಗ್ರಂಥಿ ಕಡಿಮೆ, ಕಪ್ಪು ಚರ್ಮ ಬಿಸಿಲನ್ನು ಬೇಗ ಹೀರುತ್ತದೆ. ಮೈಗೆ ನೀರು ಹೊಯ್ಯುವುದು ಉಪಚಾರವಷ್ಟೇ ಅಲ್ಲ, ಆ ಪ್ರಾಣಿಯ ದೇಹಕ್ಕೆ ಅಗತ್ಯ.

ಕೋಣಗಳ ವೇಗ ಎಷ್ಟಿರಬಹುದು? 2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಎಂದರೆ ಗಂಟೆಗೆ ಸುಮಾರು 37.7 ಕಿ.ಮೀ. ನೂರು ಮೀಟರಿಗೆ ಭಾಗಿಸಿದರೆ 9.56 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ದಾಖಲೆ 9.58. ಈ ಹೋಲಿಕೆ ದೇಶವಿಡೀ ಸುದ್ದಿಯಾಯಿತು. ಆದರೆ ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಬೋಲ್ಟ್ ತನ್ನ ಕಾಲಬಲದಿಂದಲೇ ಓಡಿದ. ಕಂಬಳದಲ್ಲಿ ಕೋಣಗಳ ಸೆಳೆತದ ನೆರವಿದೆ, ಕೆಸರಿನ ತಡೆಯೂ ಇದೆ. ಟ್ರ್ಯಾಕಿನ ಪರೀಕ್ಷೆಗೆ ಬಂದ ಆಹ್ವಾನವನ್ನು ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಮುಖ್ಯ, ಟ್ರ್ಯಾಕಿನಲ್ಲಿ ಕಾಲ್ಬೆರಳು ಮುಖ್ಯ ಎಂದು ಅವರು ಕೊಟ್ಟ ಕಾರಣದಲ್ಲಿ ಅನುಭವದ ವಿಜ್ಞಾನವಿದೆ.

ಪ್ರಾಣಿಹಿಂಸೆಯ ವಿಚಾರದಲ್ಲಿ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತೊಡಕಿಗೆ ಸಿಲುಕಿದ್ದ ಕಂಬಳಕ್ಕೆ 2017ರಲ್ಲಿ ರಾಜ್ಯದ ತಿದ್ದುಪಡಿ ಕಾಯ್ದೆ ದಾರಿ ಮಾಡಿತು. 2023ರ ಮೇ 18ರಂದು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೋಣಕ್ಕೆ ಹಿಂಸೆಯಾಗದಂತೆ ಓಡಿಸುವ ಹೊಣೆ ಈಗ ಇನ್ನೂ ಹೆಚ್ಚಿದೆ.

ಬಾಬ್‌ಸ್ಲೆಡ್‌ನ ಆಕಾರವನ್ನು ಗಾಳಿಸುರಂಗದಲ್ಲಿಟ್ಟು ತಿದ್ದುತ್ತಾರೆ. ಕನೆಹಲಗೆಗೂ ಅಂಥ ಗೌರವ ಸಲ್ಲಬೇಕು. ತೂತಿನ ಅಳತೆ, ಹಲಗೆಯ ಓರೆ, ಪಾದದ ಒತ್ತಡ, ಕೋಣದ ಎದೆಬಡಿತ ಇವೆಲ್ಲ ಅಳೆಯಬಹುದಾದ ಸಂಗತಿಗಳು. ನಮ್ಮ ಎಂಜಿನಿಯರಿಂಗ್ ಮತ್ತು ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಒಮ್ಮೆ ಕಂಬಳದ ಕರೆಗೆ ಹೋಗಿ ಬರಲಿ.