ಮುದ್ದೆಗೂ ಮುಖಕ್ಕೂ ಒಂದೇ ಬೆಳಕು

ರಾಗಿ ಮುದ್ದೆಯ ಫೋಟೊ ತೆಗೆಯುವುದು ಸುಲಭವಲ್ಲ. ಬಿರಿಯಾನಿಗೆ ಬಣ್ಣವಿದೆ, ದೋಸೆಗೆ ಗರಿಯಿದೆ. ಮುದ್ದೆಗೆ ಇರುವುದು ಗುಂಡನೆಯ ಮೈ, ಗಾಢ ಕಂದು ಬಣ್ಣ ಅಷ್ಟೇ. ಮೊಬೈಲಿನಲ್ಲಿ ಕ್ಲಿಕ್ಕಿಸಿದರೆ ಕೆಮ್ಮಣ್ಣಿನ ಉಂಡೆಯ ಹಾಗೆ ಬರುತ್ತದೆ. ಅಂಥ ಮುದ್ದೆ, ನೋಡಿದ ಕೂಡಲೇ ಮುರಿದು ಸಾರಿಗೆ ಅದ್ದಬೇಕು ಅನ್ನಿಸುವಂತೆ ಪರದೆಯ ಮೇಲೆ ಮೂಡಿದ್ದನ್ನು ಬೆಂಗಳೂರಿನ ಜಯನಗರದ ಒಂದು ಸ್ಟುಡಿಯೊದಲ್ಲಿ ಈಚೆಗೆ ಕಂಡೆ. ಆ ಖುಷಿ ಇನ್ನೂ ಇಳಿದಿಲ್ಲ.

ಸ್ಟುಡಿಯೊ ನಡೆಸುವವರು ಒಬ್ಬ ಮಹಿಳೆ. ಬೆಳಿಗ್ಗೆ ಹೋಟೆಲುಗಳ ಮೆನುವಿಗೆ, ಡೆಲಿವರಿ ಆ್ಯಪ್‌ಗಳಿಗೆ ಬೇಕಾದ ಊಟ-ತಿಂಡಿಗಳ ಚಿತ್ರ. ಮಧ್ಯಾಹ್ನದ ಮೇಲೆ ಮಾಡೆಲಿಂಗ್ ಕನಸಿಟ್ಟುಕೊಂಡು ಬರುವ ಹುಡುಗ ಹುಡುಗಿಯರ ಪೋರ್ಟ್‌ಫೋಲಿಯೊ. ಈ ಎರಡಕ್ಕೂ ಏನು ಸಂಬಂಧ ಅಂದುಕೊಂಡೇ ನಾನು ಹೋಗಿದ್ದು.

ಮೊದಲು ಒಂದು ಡಮ್ಮಿ ಮುದ್ದೆ ಇಟ್ಟು ಬೆಳಕು ಕೂಡಿಸಿಕೊಂಡರು. ದೊಡ್ಡ ಸಾಫ್ಟ್‌ಬಾಕ್ಸ್ ತಟ್ಟೆಯ ಹಿಂದೆ, ತುಸು ಎಡಕ್ಕೆ. ಎದುರಿನಿಂದ ಬಿದ್ದ ಬೆಳಕು ಉಬ್ಬುತಗ್ಗುಗಳನ್ನೆಲ್ಲ ಚಪ್ಪಟೆ ಮಾಡುತ್ತದೆ. ಹಿಂದಿನಿಂದ ಬಂದರೆ ಒದ್ದೆ ಮೈಯ ಮೇಲೆ ಜಾರಿ ಹೊಳಪಾಗುತ್ತದೆ, ಗುಂಡಗಿರುವುದು ಗುಂಡಗೇ ಕಾಣುತ್ತದೆ. ಮುಂದಿನ ನೆರಳು ತೀರಾ ಕಪ್ಪಾಗದಂತೆ ಒಂದು ಬಿಳಿ ಥರ್ಮಕೋಲ್ ಹಾಳೆ, ಅಂಚು ಎದ್ದು ಕಾಣಲು ಬಲಗಡೆ ಕಪ್ಪು ರಟ್ಟು. ಎಲ್ಲ ಸರಿಹೋದ ಮೇಲೆ ಅಡುಗೆಮನೆಯಿಂದ ಬಿಸಿ ಮುದ್ದೆ ಬಂತು. ಈ ಕಸುಬಿನವರ ಮಾತಿನಲ್ಲಿ ಅದು ‘ಹೀರೊ’. ಆಮೇಲೆ ತಡಮಾಡುವಂತಿಲ್ಲ. ಆರುತ್ತಿದ್ದಂತೆ ಮುದ್ದೆಯ ಮೇಲೆ ಪೊರೆ ಕಟ್ಟಿ ಬಿರುಕು ಬಿಡುತ್ತದೆ. ಒದ್ದೆ ಕೈಯಿಂದ ಸವರಿ, ಬ್ರಷ್ಷಿನಲ್ಲಿ ತುಪ್ಪ ತಾಗಿಸಿ, ಕ್ಲಿಕ್ ಮೇಲೆ ಕ್ಲಿಕ್.

ಬಸ್ಸಾರಿನ ಬಟ್ಟಲು ಬಂದಾಗ ಕಾಳೆಲ್ಲ ತಳಕ್ಕಿಳಿದಿತ್ತು. ತಳದಲ್ಲಿ ಏನಾದರೂ ಇಟ್ಟು ಕಾಳನ್ನು ಮೇಲಕ್ಕೆತ್ತುವುದು ಈ ಕ್ಷೇತ್ರದ ಹಳೆಯ ಉಪಾಯ. ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಜಾಹೀರಾತಿಗೆ ಬಟ್ಟಲಿನಲ್ಲಿ ಗಾಜಿನ ಗೋಲಿ ಹಾಕಿದ್ದರೆಂಬ ಆರೋಪ ಫೆಡರಲ್ ಟ್ರೇಡ್ ಕಮಿಷನ್‌ವರೆಗೂ ಹೋಗಿ, 1970ರಲ್ಲಿ ಹಾಗೆ ಮಾಡಕೂಡದೆಂಬ ಆದೇಶವಾಯಿತು. ಐಸ್‌ಕ್ರೀಮ್ ಬದಲು ಆಲೂಗಡ್ಡೆ, ಹಾಲಿನ ಬದಲು ಅಂಟು, ಪಾನೀಯದಲ್ಲಿ ಅಕ್ರಿಲಿಕ್ ಮಂಜುಗಡ್ಡೆ ಇವೆಲ್ಲ ಬಹಳ ಕೇಳಿದ ಕಥೆಗಳೇ. ಇವರ ಮೇಜಿನ ಮೇಲೆ ಅವು ಯಾವುವೂ ಇರಲಿಲ್ಲ. ಕಾಳನ್ನು ಚಮಚದಿಂದ ಮೇಲೆ ತಂದಿಟ್ಟರು, ಅಷ್ಟೇ. ನನಗೆ ಅದು ಹಿಡಿಸಿತು.

ಮುಖ್ಯವಾದ ಪಾಠ ಆಮೇಲೆ ಸಿಕ್ಕಿತು. ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದೆಲ್ಲ ನಡುಬೂದು ಬಣ್ಣದ್ದೆಂದು ನಂಬಿ ಲೆಕ್ಕ ಹಾಕುತ್ತದೆ. ಅದರ ಪಾಡಿಗೆ ಬಿಟ್ಟರೆ ಬಿಳಿ ಇಡ್ಲಿ ಮಂಕಾಗುತ್ತದೆ, ಕಂದು ಮುದ್ದೆ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಇಡ್ಲಿಗೆ ಎಕ್ಸ್‌ಪೋಶರ್ ಏರಿಸಬೇಕು, ಮುದ್ದೆಗೆ ಇಳಿಸಬೇಕು. ಮನುಷ್ಯರ ಚರ್ಮಕ್ಕೂ ಇದೇ ಲೆಕ್ಕ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. ಕೊಡ್ಯಾಕ್ ಕಂಪನಿ ದಶಕಗಳ ಕಾಲ ಫೋಟೊ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಿಕೊಳ್ಳಲು ಒಂದು ಕಾರ್ಡ್ ಕೊಡುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರ, ಕಾರ್ಡಿನ ಹೆಸರೇ ‘ಶರ್ಲಿ’. ಆ ಚರ್ಮ ಚೆನ್ನಾಗಿ ಬಂದರೆ ಪ್ರಿಂಟ್ ಸರಿ. ಶಾಲೆಯ ಗುಂಪು ಚಿತ್ರಗಳಲ್ಲಿ ಕಪ್ಪು ಮಕ್ಕಳ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಕೊಡ್ಯಾಕ್‌ನ ಹಳೆಯ ನೌಕರರನ್ನು ಮಾತನಾಡಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂದು ಬಣ್ಣಗಳತ್ತ ಕಂಪನಿ ಗಮನ ಕೊಟ್ಟಿದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರಿನಿಂದ. ಕಡು ಚಾಕೊಲೇಟಿಗೂ ಹಾಲಿನ ಚಾಕೊಲೇಟಿಗೂ ಫಿಲ್ಮಿನಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ ಎಂಬುದು ಅವರ ತಕರಾರು. ಮಕ್ಕಳ ಮುಖಕ್ಕೆ ದಕ್ಕದ ಕಾಳಜಿ ತಿಂಡಿಗೆ ದಕ್ಕಿತು. ಓದಿದಾಗಿನಿಂದ ಇದು ನನ್ನನ್ನು ಬಿಟ್ಟಿಲ್ಲ. ಬೇರೆ ಬೇರೆ ಬಣ್ಣದ ಮುಖಗಳುಳ್ಳ ಕಾರ್ಡು ಬಂದಿದ್ದು 1990ರ ದಶಕದಲ್ಲಿ. ಗೂಗಲ್ ತನ್ನ ಫೋನಿನ ಕ್ಯಾಮೆರಾಕ್ಕೆ ‘ರಿಯಲ್ ಟೋನ್’ ತಂದಿದ್ದು 2021ರಲ್ಲಿ.

ಅಂದು ಸಂಜೆ ಬಂದವಳು ಬಳ್ಳಾರಿ ಕಡೆಯ ಹುಡುಗಿ, ಎಣ್ಣೆಗಪ್ಪು ಬಣ್ಣ. ಹಿಂದೆ ಬೇರೆಲ್ಲೋ ಮಾಡಿಸಿದ್ದ ಆಲ್ಬಮ್ ತಂದಿದ್ದಳು. ಅದರಲ್ಲಿ ಅವಳೇ ಇರಲಿಲ್ಲ. ರಿಟಚ್‌ನಲ್ಲಿ ಚರ್ಮವನ್ನು ಎಷ್ಟು ತಿಳಿ ಮಾಡಿದ್ದರೆಂದರೆ, ಆಡಿಷನ್‌ಗೆ ಕರೆದವರು ಎದುರಿಗೆ ನೋಡಿ ವಾಪಸ್ ಕಳಿಸಿದ್ದರಂತೆ. ಇವರು ಮುದ್ದೆಗೆ ಇಟ್ಟಿದ್ದ ಅದೇ ಸಾಫ್ಟ್‌ಬಾಕ್ಸನ್ನು ಪಕ್ಕಕ್ಕೆ ಸರಿಸಿ, ಪೌಡರು ಒರೆಸಿ, ಕೆನ್ನೆಗೆ ಒಂದಿಷ್ಟು ಎಣ್ಣೆ ತಾಗಿಸಿದರು. ಕೆನ್ನೆಯೆಲುಬಿನ ಮೇಲೆ, ಭುಜದ ಮೇಲೆ ಬೆಳಕು ಕೂತಿತು. ಪರದೆಯಲ್ಲಿ ತನ್ನನ್ನು ನೋಡಿಕೊಂಡು ಆಕೆ ಮೊದಲು ಅಮ್ಮನನ್ನು ಕೂಗಿದಳು.

ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಕೂಡದೆಂದು ಜಾಹೀರಾತು ಮಾನದಂಡ ಮಂಡಳಿ ಆಸ್ಕಿ 2014ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ‘ಫೇರ್ ಆ್ಯಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಬಣ್ಣ ತಿಳಿ ಮಾಡುವ ಕೈಗಳು ಮಾತ್ರ ರಿಟಚ್ ಮೇಜಿನಲ್ಲಿ ಇನ್ನೂ ನಿಂತಿಲ್ಲ.

ಪೋರ್ಟ್‌ಫೋಲಿಯೊ ಮಾಡಿಸಲು ಹೊರಟ ಮಕ್ಕಳಿಗೂ ಅವರ ಹೆತ್ತವರಿಗೂ ಒಂದು ಮಾತು. ಕೆಲಸ ಕೊಡಿಸುವ ಮೊದಲೇ ಆಲ್ಬಮ್‌ಗೆಂದು ದೊಡ್ಡ ಮೊತ್ತ ಕೇಳುವವರಿಂದ ದೂರವಿರಿ. ಶುರುವಿಗೆ ‘ಡಿಜಿಟಲ್ಸ್’ ಸಾಕು. ಮೇಕಪ್ಪಿಲ್ಲದೆ, ಖಾಲಿ ಗೋಡೆಯ ಮುಂದೆ, ಕಿಟಕಿಯ ಬೆಳಕಿನಲ್ಲಿ ಎದುರಿನಿಂದ, ಪಕ್ಕದಿಂದ, ಪೂರ್ತಿ ನಿಲುವಿನಲ್ಲಿ ತೆಗೆದ ಸಾದಾ ಚಿತ್ರಗಳವು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇರದಿದ್ದರೆ. ಹಾಗಾಗಿ ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದಿ. ಚರ್ಮದ ಬಣ್ಣ ಮುಟ್ಟಬೇಡಿ ಎಂಬುದನ್ನು ಶೂಟ್ ಶುರುವಾಗುವ ಮೊದಲೇ, ಬಾಯಿ ಬಿಟ್ಟು ಹೇಳಿ.